ಹುರುಳಿ ಬಿಚ್ಚಿದ ಲಾಯದ ಲೆಕ್ಕ

ಕುದುರೆ ಸಾಕಿ ಪಳಗಿಸಲು ಯಾವ ಸೀಮೆಯಲ್ಲಿ ಎಷ್ಟು ಖರ್ಚು ಎಂದು ಕೇಳಿದರೆ, ಉತ್ತರ ಹೇಳಲು ಮುಂದೆ ಬರುವವರು ಯಾವಾಗಲೂ ಕುದುರೆಯ ಮೇಲೆ ಕೂತವರು ಇಲ್ಲವೇ ಕೂರಿಸಿ ಹಣ ಪಡೆದವರು. ಕುದುರೆಯ ಹೊಟ್ಟೆಯೊಳಗೆ ಹೋದ ಸಾಕ್ಷಿಯನ್ನು ಇದುವರೆಗೆ ಯಾರೂ ಕಟಕಟೆಗೆ ಕರೆದಿಲ್ಲ. ಆ ಕೊರತೆ ತುಂಬಲೆಂದು ಈ ಸಂದರ್ಶನ. ಸ್ಥಳ: ಕಾರವಾರ ತಾಲ್ಲೂಕಿನ ಅರ್ಗಾ, ಹೆದ್ದಾರಿ 66ರ ಬದಿಯ ಒಂದು ಕಾಲ್ಪನಿಕ ಕಿರಾಣಿ ಅಂಗಡಿ. ಸಾಕ್ಷಿ: ಬಾಯಿ ಮಡಚಿಟ್ಟ ಗೋಣಿಚೀಲದಲ್ಲಿರುವ ಹುರುಳಿ. ಮಣ್ಣಿನ ಬಣ್ಣ, ಚಪ್ಪಟೆ ಮೈ, ಹಿಡಿ ಎತ್ತಿ ಸುರಿದರೆ ಮರಳು ಜಾರಿದ ಸದ್ದು. ಇಂಗ್ಲಿಷರು ಇದಕ್ಕೆ ಕುದುರೆಕಾಳು ಎಂದೇ ಹೆಸರಿಟ್ಟರು. ನಾವೋ, ಯಾರು ಏನೇ ಹೇಳಿದರೂ ಮಾತಿನಲ್ಲಿ ಹುರುಳಿದೆಯೇ ಎಂದು ನೋಡುವ ಜನ. ಹುರುಳು ಬೇರೆ, ಹುರುಳಿ ಬೇರೆ ಎಂದು ವ್ಯಾಕರಣದವರು ಗದರಬಹುದು, ಗದರಲಿ.

ಪ್ರಶ್ನೆ: ಅರ್ಗಾದಲ್ಲಿರುವುದು ನೌಕಾನೆಲೆ. ಇಲ್ಲಿ ಕೂತು ಕುದುರೆ ಲೆಕ್ಕ ಹೇಳುತ್ತೀರಲ್ಲ, ಸಂಬಂಧವೇನು?

ಹುರುಳಿ: ಆ ನೆಲೆಯ ಹೆಸರನ್ನೇ ಓದು ತಮಾ. 1986ರ ಅಕ್ಟೋಬರ್ 24ರಂದು ರಾಜೀವ್ ಗಾಂಧಿ ಅಡಿಗಲ್ಲಿಟ್ಟರು, 2005ರ ಮೇ 31ರಂದು ನೆಲೆ ಸೇವೆಗೆ ಸೇರಿತು, ಇಟ್ಟ ಹೆಸರು ಕದಂಬ. ಆ ಕದಂಬರ ರಾಜ್ಯ ಹುಟ್ಟಿದ್ದೇ ಒಂದು ಕುದುರೆ ಜಗಳದಿಂದ. ವೇದ ಓದಲು ಕಂಚಿಗೆ ಹೋದ ಮಯೂರಶರ್ಮನಿಗೆ ಅಲ್ಲಿ ಪಲ್ಲವರ ‘ಅಶ್ವಸಂಸ್ಥ’ದ ಜೊತೆ ಕಲಹವಾಯಿತು, ಅವನು ದರ್ಭೆ ಬಿಟ್ಟು ಕತ್ತಿ ಹಿಡಿದ ಎಂದು ತಾಳಗುಂದದ ಶಾಸನ ಹೇಳುತ್ತದೆ. ಅದು ಕುದುರೆ ಸವಾರನೋ, ಕುದುರೆಯ ಯಾಗವೋ ಎಂದು ವಿದ್ವಾಂಸರು ಇನ್ನೂ ಜಗಳವಾಡುತ್ತಿದ್ದಾರೆ. ಅದಿರಲಿ, ಸಾಕಣೆಯ ಪಾಠಕ್ಕೆ ಇಲ್ಲಿ ತಂಗುವ ವಿಕ್ರಮಾದಿತ್ಯ ಹಡಗೇ ಸಾಕು. ಹಡಗು ಪುಕ್ಕಟೆ, ರಿಪೇರಿಗಷ್ಟೇ ದುಡ್ಡು ಎಂದಿತ್ತು ರಷ್ಯಾ. 2004ರ ಕರಾರಿನಲ್ಲಿ ರಿಪೇರಿಗೆ 97 ಕೋಟಿ ಡಾಲರ್. 2013ರಲ್ಲಿ ಹಡಗು ಕೈಗೆ ಬರುವಾಗ ಅದು 235 ಕೋಟಿ ಡಾಲರ್ ಆಗಿತ್ತು. ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ ಎಂದು ನೀವೆಲ್ಲ ನಗುತ್ತೀರಿ. ಕುದುರೆ ಮತ್ತು ಹಡಗಿನ ವಿಷಯದಲ್ಲಿ ಹಿತ್ತಲಿಗೆ ಹೋಗಿ ಮೊಳ ಹಾಕಿದವನೇ ಜಾಣ.

ಪ್ರಶ್ನೆ: ಹಾಗಾದರೆ ಕೊಳ್ಳುವ ಬೆಲೆಗೆ ಅರ್ಥವೇ ಇಲ್ಲವೇ?

ಹುರುಳಿ: ಅರ್ಥವಿದೆ, ಬಡಾಯಿಗೆ. ವಿಜಯನಗರದ ಲೆಕ್ಕವನ್ನೇ ನೋಡು. 1535ರ ಆಸುಪಾಸಿನಲ್ಲಿ ಅಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿಟ್ಟಿದ್ದಾನೆ. ಸಾಳುವ ನರಸಿಂಹ ಹೊರ್ಮುಜ್, ಏಡನ್ ಕಡೆಯ ಕುದುರೆಗಳನ್ನು ಸಾವಿರ ಪರ್ದಾವಿಗೆ, ಅಂದರೆ ಆಗಿನ ಚಿನ್ನದ ನಾಣ್ಯಕ್ಕೆ, ಮೂರರಂತೆ ಕೊಳ್ಳುತ್ತಿದ್ದನಂತೆ, ಬದುಕಿದ್ದರೂ ಸರಿ, ಸತ್ತಿದ್ದರೂ ಸರಿ. ಸಮುದ್ರದಲ್ಲಿ ಸತ್ತ ಕುದುರೆಯ ಬಾಲವನ್ನಷ್ಟೇ ತಂದು ತೋರಿಸಿದರೆ ಪೂರ್ತಿ ಹಣ. ಈಗಿನ ವಿಮೆಯವರು ಹತ್ತು ಕಾಗದ ಕೇಳುತ್ತಾರೆ, ಆಗ ಒಂದು ಬಾಲ ಸಾಕಿತ್ತು. ಅದೇ ನೂನಿಜನ ಪ್ರಕಾರ ಕಾವಲು ಪಡೆಯ ಸವಾರರಿಗೆ ಅರಸು ಕೊಡುತ್ತಿದ್ದ ನಾಡ ಕುದುರೆಗಳು ಸಾವಿರ ಪರ್ದಾವಿಗೆ ಹನ್ನೆರಡರಿಂದ ಹದಿನೈದು. ಅಂದರೆ ಕಡಲು ದಾಟಿ ಬಂದದ್ದಕ್ಕೆ ನಾಲ್ಕೈದು ಪಟ್ಟು ಬೆಲೆ. ಈ ಅಂಕಿಯನ್ನು ಎಲ್ಲರೂ ಉದ್ಧರಿಸುತ್ತಾರೆ. ಪಕ್ಕದಲ್ಲೇ ಇರುವ ಇನ್ನೊಂದು ಅಂಕಿಯ ಕಡೆ ಯಾರೂ ಕಣ್ಣು ಹಾಯಿಸುವುದಿಲ್ಲ: ಕುದುರೆ ನೋಡಿಕೊಳ್ಳಲು 1,600 ಸಾಯೀಸರು, ಪಳಗಿಸಲು 300 ಚಾಬುಕಸ್ವಾರರು. ಇವರಿಗೆ ಬಾಲ ತೋರಿಸಿ ಸಂಬಳ ಮುಗಿಸುವಂತಿರಲಿಲ್ಲ, ತಿಂಗಳು ತಿಂಗಳು ಕೊಡಬೇಕಿತ್ತು.

ಹುರುಳಿಯ ಈ ಮಾತಿನಲ್ಲಿ ಒಂದು ವಾದದ ಎಳೆ ಇದೆ, ಅದನ್ನು ಹಿಡಿದು ನೋಡಬಹುದು. ಕುದುರೆಯ ಖರ್ಚು ಊರಿಂದೂರಿಗೆ ಬದಲಾಗಲು ಮೇವಿನ ದರ, ಜಾಗದ ಬಾಡಿಗೆ ಕಾರಣ ಎಂದೇ ಸಾಮಾನ್ಯವಾಗಿ ಹೇಳುತ್ತಾರೆ. ಅವೂ ಉಂಟು. ಆದರೆ ಅವುಗಳಿಗಿಂತ ದೊಡ್ಡ ಕಾರಣ ಕುದುರೆ ಬಲ್ಲ ಮನುಷ್ಯ ಎಷ್ಟು ದೂರದಲ್ಲಿದ್ದಾನೆ ಎಂಬುದು. ಲಾಳ ಕಟ್ಟುವ ಕೆಲಸವನ್ನೇ ತೆಗೆದುಕೊಳ್ಳಿ. ಒಂದು ಕುದುರೆಗೆ ಆರು ವಾರಕ್ಕೊಮ್ಮೆ ಗೊರಸು ಕೆತ್ತಿ ಲಾಳ ಬದಲಿಸಬೇಕೆಂದರೆ ವರ್ಷಕ್ಕೆ ಎಂಟೊಂಬತ್ತು ಸಲ. ನಾಲಬಂದನೊಬ್ಬ ದಿನಕ್ಕೆ ಮೂರು ಕುದುರೆ ಮಾಡಿದರೆ, ಅವನ ಕೈ ಖಾಲಿ ಇರದಂತೆ ನೋಡಿಕೊಳ್ಳಲು ಸುತ್ತಮುತ್ತ ನೂರು ಕುದುರೆಗಳಾದರೂ ಬೇಕು. ನೂರು ಇರುವಲ್ಲಿ ಅವನು ಬೆಳಿಗ್ಗೆ ಸೈಕಲ್ಲಿನಲ್ಲಿ ಬಂದು ಸಂಜೆ ಮನೆಗೆ ಹೋಗುತ್ತಾನೆ. ಅರ್ಗಾದಂಥ ಊರಲ್ಲಿ ಒಂದೇ ಒಂದು ಕುದುರೆ ಕಟ್ಟಿದರೆ ಅದೇ ನಾಲಬಂದನಿಗೆ ಘಟ್ಟ ಇಳಿಯುವ ಬಸ್ ಚಾರ್ಜು, ಒಂದು ದಿನದ ದುಡಿಮೆ, ಊಟ, ಜೊತೆಗೆ ಅವನು ಒಪ್ಪಿ ಬರುವ ತನಕ ಫೋನು. ಕುದುರೆ ಡಾಕ್ಟರು, ಪಳಗಿಸುವವರು, ಇವರ ಲೆಕ್ಕವೂ ಇದೇ ಬಗೆ. ಗುಂಪಿನಲ್ಲಿರುವ ಕುದುರೆ ಅಗ್ಗ, ಒಂಟಿ ಕುದುರೆ ದುಬಾರಿ. ಕುಣಿಗಲ್ಲಿನ ನಾನೂರು ಎಕರೆಗೂ ಮೀರಿದ ಅಶ್ವಪಾಲನಾ ಕೇಂದ್ರ ಹೈದರ್-ಟಿಪ್ಪು ಕಾಲದಿಂದ ಒಂದೇ ಕಡೆ ಬೇರು ಬಿಟ್ಟಿದ್ದಕ್ಕೆ, 1992ರಲ್ಲಿ ಅದನ್ನು 30 ವರ್ಷಕ್ಕೆ ಗುತ್ತಿಗೆ ಹಿಡಿದ ವಿಜಯ್ ಮಲ್ಯ ಅವರ ಕಂಪನಿಯೂ ಹೊಸ ಜಾಗ ಹುಡುಕದೆ ಅಲ್ಲಿಗೇ ಹೋದದ್ದಕ್ಕೆ ಮಣ್ಣು, ಹುಲ್ಲು ಕಾರಣ ಹೌದು. ತಲೆಮಾರುಗಳಿಂದ ಕುದುರೆ ಮುಟ್ಟಿದ ಕೈಗಳು ಅಲ್ಲೇ ನೆಲೆಸಿದ್ದೂ ಕಾರಣವೇ.

ಪ್ರಶ್ನೆ: ಕರಾವಳಿಯವರು ಇದನ್ನು ಒಪ್ಪುವುದಿಲ್ಲ. ಕಾರವಾರದಲ್ಲಿ ಮಳೆಯೇ ಮೂರು ಸಾವಿರ ಮಿಲಿಮೀಟರಿನ ಆಸುಪಾಸು. ಎಲ್ಲಿ ನೋಡಿದರೂ ಹಸಿರು. ಹುಲ್ಲು ಪುಕ್ಕಟೆ ಸಿಗುವಾಗ ಲಾಯ ದುಬಾರಿ ಏಕಾಗಬೇಕು?

ಹುರುಳಿ: ಹಸಿರು ಕಣ್ಣಿಗೆ, ತಮಾ. ಜಂಬಿಟ್ಟಿಗೆ ನೆಲದ ಸುಣ್ಣದಂಶವನ್ನೆಲ್ಲ ಮಳೆ ತೊಳೆದು ಸಮುದ್ರಕ್ಕೆ ಒಯ್ದಿರುತ್ತದೆ. ಹುಲ್ಲು ನೀರು ತುಂಬಿ ನಿಗುರುತ್ತದೆ, ಎಲುಬಿಗೆ ಬೇಕಾದ್ದು ಅದರಲ್ಲಿ ಕಡಿಮೆ. ಐನೂರು ಕಿಲೋ ತೂಗುವ ಕುದುರೆಗೆ ದಿನಕ್ಕೆ ಸುಮಾರು ಹತ್ತು ಕಿಲೋ ಒಣಮೇವು ಬೇಕು, ವರ್ಷಕ್ಕೆ ಮೂವತ್ತಾರು ಕ್ವಿಂಟಲ್. ಮಳೆಗಾಲದ ನಾಲ್ಕು ತಿಂಗಳು ಅದನ್ನು ಬೂಸರು ಹಿಡಿಯದಂತೆ ಇಲ್ಲಿ ಎಲ್ಲಿಡುತ್ತೀ? ದನವಾದರೆ ಒಂದಿಷ್ಟು ಕೆಟ್ಟ ಹುಲ್ಲನ್ನು ಮೆಲುಕು ಹಾಕಿ ಸುಧಾರಿಸಿಕೊಳ್ಳುತ್ತದೆ. ಕುದುರೆಗೆ ಮೆಲುಕೂ ಇಲ್ಲ, ವಾಂತಿಯೂ ಬಾರದು. ಕೆಟ್ಟದ್ದು ಒಳಗೆ ಹೋದರೆ ಹೊಟ್ಟೆಶೂಲೆಯೇ ಗತಿ, ರಾತ್ರಿ ಬೆಳಗಾಗುವುದರೊಳಗೆ ಸಾಯಲೂಬಹುದು. ಕೆಸರಲ್ಲಿ ನಿಂತರೆ ಗೊರಸಿನ ಅಡಿ ಕೊಳೆತು ನಾರುತ್ತದೆ. ಸೆಖೆಗೆ ಮೈ ಬೆವರುತ್ತದೆ, ಬೆವರು ಆರುವುದಿಲ್ಲ. ಹಾಗಾಗಿ ಒಳ್ಳೆ ಮೇವು, ಜೊತೆಗೆ ನಾನು, ಬಯಲುಸೀಮೆಯಿಂದ ಲಾರಿ ಹತ್ತಿ ಅರಬೈಲ್ ಘಟ್ಟ ಇಳಿದೇ ಬರಬೇಕು. ಹುಬ್ಬಳ್ಳಿ-ಅಂಕೋಲಾ ರೈಲಿನಲ್ಲಿ ಬರಬಹುದಿತ್ತು, ಅದು ದಶಕಗಳಿಂದ ಕಾಗದದ ಮೇಲೆ ಓಡುತ್ತಿದೆ.

ಪ್ರಶ್ನೆ: ಆದರೂ ಇದೇ ಕರಾವಳಿಯಲ್ಲಿ ಶತಮಾನಗಟ್ಟಲೆ ಕುದುರೆ ಇಳಿದಿವೆಯಲ್ಲ?

ಹುರುಳಿ: ಇಳಿದವು, ನಿಲ್ಲಲಿಲ್ಲ. ಗೋವೆ, ಹೊನ್ನಾವರ, ಭಟ್ಕಳ ಅವುಗಳಿಗೆ ಬಾಗಿಲು, ಕೊಟ್ಟಿಗೆ ಇದ್ದದ್ದು ಘಟ್ಟದ ಮೇಲೆ. 1547ರಲ್ಲಿ ವಿಜಯನಗರಕ್ಕೂ ಪೋರ್ಚುಗೀಸರಿಗೂ ಆದ ಒಪ್ಪಂದದಲ್ಲಿ ಎರಡು ಮಾತು ಒಟ್ಟಿಗೇ ಇವೆ: ಗೋವೆಗೆ ಬಂದ ಅರಬ್ಬಿ, ಪರ್ಶಿಯದ ಕುದುರೆ ಬಿಜಾಪುರಕ್ಕೆ ಹೋಗಕೂಡದು, ವಿಜಯನಗರಕ್ಕೇ ಸಿಗಬೇಕು, ವಿಜಯನಗರದ ಬಟ್ಟೆ ಆದಿಲಶಾಹಿ ಬಂದರಿಗೆ ಹೋಗಕೂಡದು, ಅಂಕೋಲೆಗೋ ಹೊನ್ನಾವರಕ್ಕೋ ಬರಬೇಕು. ಕುದುರೆ ಮೇಲಕ್ಕೆ, ಬಟ್ಟೆ ಕೆಳಕ್ಕೆ. ಅಂಕೋಲೆಯವರ ಪಾಲಿಗೆ ಬಂದದ್ದು ಬಟ್ಟೆ. ಪುಣ್ಯವಂತರು, ಅದಕ್ಕೆ ಹುರುಳಿ ಹಾಕಬೇಕಿಲ್ಲ.

ಪ್ರಶ್ನೆ: ಕುದುರೆ ಬಲ್ಲವರ ಕೊರತೆ ಎನ್ನುವುದು ಹೊರಗಿನವರು ಕಟ್ಟಿದ ಕತೆ ಇರಬಹುದಲ್ಲ? ಮಾರ್ಕೊ ಪೋಲೊ ಕೂಡ ಹಾಗೇ ಬರೆದ.

ಹುರುಳಿ: ಅರ್ಧ ಒಪ್ಪುತ್ತೇನೆ. ಪಾಂಡ್ಯರ ಸೀಮೆಯಲ್ಲಿ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಕುದುರೆ ಕೊಂಡು, ವರ್ಷದ ಕೊನೆಗೆ ನೂರೂ ಉಳಿಯುತ್ತಿರಲಿಲ್ಲ, ಅವಕ್ಕೆ ಬೇಯಿಸಿದ ಅನ್ನ, ಮಾಂಸ ತಿನ್ನಿಸುತ್ತಿದ್ದರು ಎಂದ ಆತ. ಎರಡು ಸಾವಿರದಲ್ಲಿ ನೂರು ಎನ್ನುವಾಗ ಸ್ವಲ್ಪ ಉಪ್ಪು-ಖಾರ ಬಿದ್ದಿರಬೇಕು. ಬಲ್ಲವರು ನಮ್ಮಲ್ಲಿ ಇರಲಿಲ್ಲ ಎನ್ನುವುದಂತೂ ಸುಳ್ಳು. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲೇ ‘ಮಾನಸೋಲ್ಲಾಸ’ದಲ್ಲಿ ಕುದುರೆಯ ಲಕ್ಷಣ, ಪೋಷಣೆ, ಸವಾರಿ ಎಲ್ಲ ಬರೆಸಿದ್ದಾನೆ. ಆದರೆ ಪೋಲೊ ಹೇಳಿದ ಇನ್ನೊಂದು ಮಾತು ವ್ಯಾಪಾರ ಬಲ್ಲವನಿಗೆ ಸುಳ್ಳು ಅನ್ನಿಸುವುದಿಲ್ಲ. ಕುದುರೆ ತಂದು ಮಾರುವವರು ಲಾಳ ಕಟ್ಟುವವರನ್ನು ಮಾತ್ರ ಜೊತೆಗೆ ಬರಗೊಡುತ್ತಿರಲಿಲ್ಲವಂತೆ. ಕುದುರೆ ಸತ್ತಷ್ಟೂ ಹೊಸ ಕುದುರೆ ಬಿಕರಿ. ಮೆಷಿನ್ನು ಕೊಟ್ಟು ಮೆಕ್ಯಾನಿಕ್‌ನನ್ನು ಬಚ್ಚಿಡುವ ವಿದ್ಯೆ ಇವತ್ತಿನದಲ್ಲ.

ಪ್ರಶ್ನೆ: ಇಂದಿನ ಮಾತಿಗೆ ಬರೋಣ. ಇಲ್ಲಿ ಕೂಲಿ ಅಗ್ಗ, ಯುರೋಪಿನಲ್ಲಿ ದುಬಾರಿ. ನಿಮ್ಮ ವಾದ ನಿಜವಾದರೆ ಜಗತ್ತಿನ ಕುದುರೆಗಳೆಲ್ಲ ಇಲ್ಲಿಗೆ ಬಂದು ತಾಲೀಮು ಮಾಡಬೇಕಿತ್ತು.

ಹುರುಳಿ: ಆಗಿರುವುದು ತಿರುಗಮುರುಗ. ಬೆಂಗಳೂರಿನ ಫೌಆದ್ ಮಿರ್ಜಾ 2021ರಲ್ಲಿ ಟೋಕಿಯೊ ಒಲಿಂಪಿಕ್ಸಿಗೆ ಹೋದರು, ಎರಡು ದಶಕಗಳ ನಂತರ ಭಾರತಕ್ಕೊಬ್ಬ ಅಶ್ವಾರೋಹಿ ಸಿಕ್ಕಿದ್ದ, 23ನೇ ಸ್ಥಾನ ಪಡೆದರು. ತಾಲೀಮು ನಡೆದದ್ದು ಜರ್ಮನಿಯಲ್ಲಿ. 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಡ್ರೆಸಾಜ್ ತಂಡಕ್ಕೆ ಚಿನ್ನ ಬಂತಲ್ಲ, 1982ರ ನಂತರ ಕುದುರೆ ಸವಾರಿಯಲ್ಲಿ ಬಂದ ಮೊದಲ ಚಿನ್ನ, ಅವರೂ ಯುರೋಪಿನಲ್ಲೇ ಪಳಗಿದವರು. ಅಲ್ಲಿ ಲಾಯದ ಬಾಡಿಗೆ ಹೆಚ್ಚು, ನಿಜ. ಆದರೆ ಗುರು ಪಕ್ಕದ ಹಳ್ಳಿಯಲ್ಲಿ, ಸ್ಪರ್ಧೆ ಮುಂದಿನ ವಾರ, ಡಾಕ್ಟರು ಅರ್ಧ ಗಂಟೆಯಲ್ಲಿ. ಇಲ್ಲಿಂದ ಕುದುರೆಯನ್ನು ಹೊರದೇಶಕ್ಕೆ ಒಯ್ಯಲು ರೋಗಮುಕ್ತ ವಲಯದ ಮಾನ್ಯತೆ ಇಲ್ಲದ್ದೇ ಅಡ್ಡಿಯಾಗಿತ್ತು. ಮೀರತ್ತಿನ ಸೇನಾ ಪಶುವೈದ್ಯ ಕೇಂದ್ರಕ್ಕೆ ಅಂಥ ಮಾನ್ಯತೆ ಸಿಕ್ಕಿದ್ದು 2025ರಲ್ಲಿ. ಬ್ರಿಟನ್ನಿನಲ್ಲಿ ಬೇಕಾದರೆ ಜಾಗಕ್ಕಷ್ಟೇ ದುಡ್ಡು ಕೊಟ್ಟು ಲದ್ದಿ ಬಾಚುವುದರಿಂದ ಹಿಡಿದು ಎಲ್ಲವನ್ನೂ ತಾವೇ ಮಾಡಿಕೊಳ್ಳಬಹುದು, ಅರ್ಧ ಕೆಲಸ ಒಪ್ಪಿಸಬಹುದು, ಇಲ್ಲವೇ ಪೂರ್ತಿ ಒಪ್ಪಿಸಿ ಭಾನುವಾರ ಬಂದು ಹತ್ತಬಹುದು. ಮೂರಕ್ಕೂ ಬೇರೆ ಬೇರೆ ದರ. ಮಾಲೀಕನಿಗೂ ಕುದುರೆ ಗೊತ್ತಿರುವ ಕಡೆ ಮಾತ್ರ ಅಗ್ಗದ ದರಕ್ಕೆ ಅರ್ಥ. ಇಲ್ಲಿ ಬಹುಪಾಲು ಮಾಲೀಕರಿಗೆ ಗೊತ್ತಿರುವುದು ಹತ್ತುವುದು, ಇಳಿಯುವುದು, ಫೋಟೊ.

ಪ್ರಶ್ನೆ: ಕ್ಷಮಿಸಿ, ನೀವು ನಿಷ್ಪಕ್ಷಪಾತಿ ಸಾಕ್ಷಿಯೇ? ಈಗಿನ ಲಾಯಗಳಲ್ಲಿ ಓಟ್ಸ್, ಕುದುರೆಮೆಂತ್ಯ, ಚೀಲದ ಪೆಲೆಟ್ಟು. ನಿಮ್ಮ ಹೊಟ್ಟೆಕಿಚ್ಚು ಮಾತಾಡುತ್ತಿರಬಹುದು.

ಹುರುಳಿ: ಮಾತಾಡುತ್ತಿದೆ. ಓಟ್ಸ್ ಮೆತ್ತಗೆ, ನನ್ನನ್ನು ನೆನೆಸಬೇಕು, ಬೇಯಿಸಬೇಕು, ಹಸಿಯಾಗಿ ಹೆಚ್ಚು ತಿನ್ನಿಸಿದರೆ ಹೊಟ್ಟೆ ಉಬ್ಬರಿಸುತ್ತೇನೆ. ಇದನ್ನೆಲ್ಲ ಬಲ್ಲವನು ಬೇಕು ಎಂದೇ ಅಲ್ಲವೇ ನಾನು ಇಷ್ಟು ಹೊತ್ತು ಹೇಳಿದ್ದು? ಹುರುಳಿ ಅಂದರೆ ಕುದುರೆ ಬಾಯಿ ತೆರೆಯುತ್ತದೆ, ಕಡಿವಾಣ ಅಂದರೆ ಮುಚ್ಚುತ್ತದೆ. ಮಾಲೀಕರದ್ದೂ ಅದೇ ಕತೆ: ಕುದುರೆಯ ಬೆಲೆ ಕೇಳಿದರೆ ಬಾಯಿ ತೆರೆಯುತ್ತದೆ, ಸಾಯೀಸನ ಸಂಬಳ ಕೇಳಿದರೆ ಮುಚ್ಚುತ್ತದೆ. ಇಲ್ಲಿ ಕೊಂಕಣಿ ಮನೆಗಳಲ್ಲಿ ನನ್ನನ್ನು ಕುಳಿತು ಅನ್ನುತ್ತಾರೆ. ಕುಳಿತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂಬ ಕನ್ನಡದ ಗಾದೆ ಕೇಳಿದಾಗಲೆಲ್ಲ ಯಾರೋ ಕುದುರೆ ಸಾಕಿದವನೇ ನನ್ನನ್ನು ನೆನೆದು ಅದನ್ನು ಕಟ್ಟಿರಬೇಕು ಅನ್ನಿಸುತ್ತದೆ.

ಪ್ರಶ್ನೆ: ಕೊನೆಯದಾಗಿ, ಅರ್ಗಾದಲ್ಲಿ ಯಾರಾದರೂ ಒಂದು ಕುದುರೆ ಸಾಕಲು ಹೊರಟರೆ ಏನು ಹೇಳುತ್ತೀರಿ?

ಹುರುಳಿ: ಮೊದಲು ನಾಲಬಂದನ ಮನೆ ಹುಡುಕಲಿ, ಆಮೇಲೆ ಕುದುರೆ ಸಂತೆಗೆ ಹೋಗಲಿ. ನೂರು ಕುದುರೆ ಇರುವ ಕಡೆ ಲಾಯ ತೆರೆದವನು ಹೇಳುವ ತಿಂಗಳ ದರವನ್ನು ತನ್ನ ಅಂಗಳಕ್ಕೆ ತಂದು ಲೆಕ್ಕ ಹಾಕದಿರಲಿ. ಮತ್ತೆ...

ಸಂದರ್ಶನ ಅಲ್ಲಿಗೇ ನಿಂತಿತು. ಅಂಗಡಿಗೆ ಬಂದವರೊಬ್ಬರು ಅರ್ಧ ಕಿಲೋ ಹುರುಳಿ ಕೇಳಿದ್ದರು, ರಾತ್ರಿಯ ಸಾರಿಗೆ.