ತೇರ್ಗಡೆ ಮೀಮಾಂಸೆ: ಭಟ್ಕಳ, ಹೊನ್ನಾವರ, ಕುಮಟಾ ಪ್ರಕರಣ

1. ಲಕ್ಷಣ

ಎಸ್‌ಎಸ್‌ಎಲ್‌ಸಿ ಎಂಬುದು ಮಕ್ಕಳು ಬರೆದು ಜಿಲ್ಲೆಗಳು ಪಾಸಾಗುವ ಪರೀಕ್ಷೆ. ಮಕ್ಕಳ ಪಾಲಿಗೆ 625 ಅಂಕ, ಜಿಲ್ಲೆಯ ಪಾಲಿಗೆ ಸ್ಥಾನ. ಕಂದಾಯದ ಲೆಕ್ಕದಲ್ಲಿ ಕರ್ನಾಟಕಕ್ಕೆ 31 ಜಿಲ್ಲೆಗಳಿದ್ದರೆ ಶಿಕ್ಷಣದ ಲೆಕ್ಕದಲ್ಲಿ 35. ಉತ್ತರ ಕನ್ನಡವಂತೂ ಫಲಿತಾಂಶದ ದಿನ ಎರಡಾಗುತ್ತದೆ: ಘಟ್ಟದ ಮೇಲೆ ಶಿರಸಿ ಶೈಕ್ಷಣಿಕ ಜಿಲ್ಲೆ, ಘಟ್ಟದ ಕೆಳಗೆ ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ ಸೇರಿ ಇನ್ನೊಂದು. ಒಂದೇ ಜಿಲ್ಲೆ ತನ್ನೆದುರು ತಾನೇ ಸೋಲುವ ಈ ಸೌಲಭ್ಯ ಬೆಳಗಾವಿ–ಚಿಕ್ಕೋಡಿ, ತುಮಕೂರು–ಮಧುಗಿರಿಗಳಿಗೂ ಉಂಟು.

2. ಬುದ್ಧಿಯ ಏರಿಳಿತಕ್ಕೆ ಕಾರಣಗಳು

ಮೊದಲನೆಯದು ವೈರಾಣು. ಕೊರೊನಾ ಕಾಲದ 2021ರ ಜುಲೈಯಲ್ಲಿ ಎರಡೇ ದಿನದ ಬಹುಆಯ್ಕೆ ಪರೀಕ್ಷೆ ಬರೆದ ಸುಮಾರು 8.7 ಲಕ್ಷ ಮಕ್ಕಳಲ್ಲಿ ಒಬ್ಬರ ಹೊರತು ಎಲ್ಲರೂ ಪಾಸಾದರು. ಆ ಒಬ್ಬರ ಹೆಸರಿನಲ್ಲಿ ಬರೆಯಲು ಬೇರೆಯವರು ಬಂದಿದ್ದರು. ಯಾರೂ ನಪಾಸಾಗದ ಪರೀಕ್ಷೆಗೂ ಬದಲಿ ಆಳನ್ನು ಗೊತ್ತುಮಾಡಿದ ಈ ಪ್ರಸಂಗವನ್ನು ಅತಿಜಾಗರೂಕತೆಯ ಶ್ರೇಷ್ಠ ಉದಾಹರಣೆಯೆಂದು ಪರಿಗಣಿಸಬೇಕು.

ಎರಡನೆಯದು ಕ್ಯಾಮೆರಾ. 2023ರಲ್ಲಿ ರಾಜ್ಯದ ಫಲಿತಾಂಶ ಶೇ. 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂತು, ಕೃಪಾಂಕವನ್ನು ಶೇ. 10ರಿಂದ 20ಕ್ಕೆ ಏರಿಸಿದರೂ ಫಲಿತಾಂಶ ಶೇ. 73.40ಕ್ಕೆ ಇಳಿಯಿತು. ಗೋಡೆಗೆ ತೂಗುಹಾಕಿದ ಮಾತ್ರಕ್ಕೇ ಸ್ಮರಣಶಕ್ತಿಯನ್ನು ಕುಂದಿಸುವ ಯಂತ್ರ ಇದೊಂದೇ ಎಂಬುದು ಸಿದ್ಧವಾಯಿತು.

ಮೂರನೆಯದು ಗಡಿಕಲ್ಲು. ಅದೇ 2024ರಲ್ಲಿ ಕೇರಳದ ಫಲಿತಾಂಶ ಶೇ. 99.69. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಇದರೊಳಗೇ ಬರುತ್ತಾರೆ. ಭಾಷೆ, ಮಳೆ, ಮೀನು ಯಾವುದೂ ಬದಲಾಗದೆ ತಲಪಾಡಿ ದಾಟಿದೊಡನೆ ಬುದ್ಧಿ ಮಾತ್ರ ಬೆಳೆಯುತ್ತದೆ. ಅಲ್ಲಿ ಶೇ. 30ಕ್ಕೇ ಡಿ ಪ್ಲಸ್ ಸಿಕ್ಕಿ ಪಾಸಾಗುತ್ತಿತ್ತು, ಇಲ್ಲಿ 35 ಬೇಕಿತ್ತು ಎಂಬ ಅಂಶವನ್ನು ಗಂಭೀರ ವಿದ್ವಾಂಸರು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ರಾಜ್ಯದೊಳಗೂ ಇದೇ ನಿಯಮ: ಆ ವರ್ಷ ಉಡುಪಿಗೆ ಶೇ. 94, ಯಾದಗಿರಿಗೆ ಶೇ. 50.59. ಆದಕಾರಣ ಭಟ್ಕಳದ ಮಗು ಆಗ ಪಕ್ಕದ ಉಡುಪಿ ಜಿಲ್ಲೆಯ ಶಿರೂರಿನ ಶಾಲೆಗೆ ಸೇರಿದ್ದರೆ ಒಂದಕ್ಷರ ಓದದೆಯೂ ಮೊದಲ ಸ್ಥಾನದ ಜಿಲ್ಲೆಗೆ ಸೇರಿದಂತಾಗುತ್ತಿತ್ತು.

3. ತಾಲ್ಲೂಕುವಾರು ವಿಶೇಷ

ಭಟ್ಕಳದಲ್ಲಿ ಮನೆಯೊಳಗೆ ನವಾಯತಿ, ಶಾಲೆಯಲ್ಲಿ ಉರ್ದು, ಪೇಟೆಯಲ್ಲಿ ಕನ್ನಡ, ಕೊಲ್ಲಿಯಿಂದ ಬರುವ ಫೋನಿನಲ್ಲಿ ಎಲ್ಲವೂ. ಇವುಗಳಲ್ಲಿ ಮನೆಯ ಭಾಷೆಯೊಂದಕ್ಕೆ ಪ್ರಶ್ನೆಪತ್ರಿಕೆ ಇಲ್ಲ. ಹೊನ್ನಾವರದಲ್ಲಿ ಪರೀಕ್ಷೆಯ ಮಾರ್ಚ್ ತಿಂಗಳು ಯಕ್ಷಗಾನದ ತಿರುಗಾಟದ ನಡುವೆಯೇ ಬೀಳುತ್ತದೆ. ರಾತ್ರಿಯಿಡೀ ಎಚ್ಚರವಿರುವ ಅಭ್ಯಾಸ ಮಕ್ಕಳಿಗೆ ಮೊದಲೇ ಇದ್ದು, ಎಚ್ಚರವಿದ್ದದ್ದು ಯಾತಕ್ಕೆ ಎಂಬಲ್ಲಿ ಮಾತ್ರ ಮನೆಯವರಿಗೂ ಮಕ್ಕಳಿಗೂ ಭಿನ್ನಾಭಿಪ್ರಾಯ. ಕುಮಟಾದಲ್ಲಿ ಪ್ರತಿಭೆಯನ್ನು ಅಳೆಯುವ ಮಾನ ಫ್ಲೆಕ್ಸ್. 620 ದಾಟಿದವರ ಮುಖ ರಸ್ತೆಗೆ ಬರುತ್ತದೆ. 610 ಪಡೆದವರು ಮನೆಯಲ್ಲಿ ಸಮಾಧಾನದ ಮಾತು ಕೇಳುತ್ತಾರೆ.

4. ಚಿಕಿತ್ಸೆ

ಹಿಂದುಳಿದವರಿಗೆ ‘ಪಾಸಿಂಗ್ ಪ್ಯಾಕೇಜ್’ ಕೊಡಲಾಗುತ್ತದೆ: ಇಡೀ ಪುಸ್ತಕದಿಂದ ಪಾಸಾಗಲು ಬೇಕಾದಷ್ಟನ್ನೇ ಉಳಿಸಿದ ಸಾರ. ಶಿಕ್ಷಕರು ಮಕ್ಕಳನ್ನು ದತ್ತು ಪಡೆಯುತ್ತಾರೆ, ಬೆಳಗಿನ ಜಾವ ಫೋನು ಮಾಡಿ ಎಬ್ಬಿಸುತ್ತಾರೆ. ಇಷ್ಟಕ್ಕೂ ಬಗ್ಗದ ರೋಗಕ್ಕೆ 2024ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆ ಬಂದವು. ಕೊನೆಯ ಔಷಧ 2025ರ ಅಕ್ಟೋಬರಿನಲ್ಲಿ ಪ್ರಕಟವಾಯಿತು: ಪಾಸಿನ ಮಿತಿ ಶೇ. 35ರಿಂದ 33ಕ್ಕೆ, ಅಂದರೆ 625ಕ್ಕೆ 206. ಮಗು ಮೇಲೇರದಿದ್ದರೆ ಮೆಟ್ಟಿಲನ್ನೇ ಇಳಿಸುವುದು ಶಾಸ್ತ್ರಸಮ್ಮತ.

5. ಛೇದ

ಶೇಕಡಾವಾರಿನ ಗುಟ್ಟಿರುವುದು ಗೆರೆಯ ಕೆಳಗೆ. ಅಮೆರಿಕದ ರಾಜ್ಯಗಳು 9ನೇ ತರಗತಿಗೆ ಸೇರಿದವರಲ್ಲಿ ನಾಲ್ಕು ವರ್ಷಕ್ಕೆ ಹೈಸ್ಕೂಲು ಮುಗಿಸಿದವರೆಷ್ಟು ಎಂದು ಎಣಿಸುತ್ತವೆ. ನಡುವೆ ಶಾಲೆ ಬಿಟ್ಟವರು ಲೆಕ್ಕದಿಂದ ಹೊರಬೀಳುವುದಿಲ್ಲ, ಸರಾಸರಿ ಕೆಡುತ್ತದೆ. ಇಲ್ಲಿಯ ಪದ್ಧತಿ ಹೆಚ್ಚು ದಾಕ್ಷಿಣ್ಯದ್ದು: ಎಣಿಕೆಗೆ ಬರುವವರು ಪರೀಕ್ಷೆಗೆ ಕೂತವರು ಮಾತ್ರ. ಒಂಬತ್ತರಲ್ಲೇ ಶಾಲೆ ಬಿಟ್ಟು ದೋಣಿಗೋ ಹೋಟೆಲಿಗೋ ಹೋದ ಹುಡುಗ, ತಮ್ಮನನ್ನು ನೋಡಿಕೊಳ್ಳಲು ಮನೆಯಲ್ಲುಳಿದ ಹುಡುಗಿ ಜಿಲ್ಲೆಯ ಸ್ಥಾನಕ್ಕೆ ಯಾವ ಕುಂದನ್ನೂ ತರುವುದಿಲ್ಲ. ಬಂದು ನಪಾಸಾಗುವವರೇ ತೊಂದರೆಯವರು. ಈ ತರ್ಕವನ್ನು ಕೊನೆಯವರೆಗೆ ನಡೆಸಿದರೆ ಶೇ. 100 ಸಾಧಿಸಲು ತಾಲ್ಲೂಕಿಗೊಬ್ಬ ಜಾಣ ವಿದ್ಯಾರ್ಥಿ ಸಾಕು; ಉಳಿದವರು ಶಾಲೆಗೆ ಬಾರದಂತೆ ನೋಡಿಕೊಳ್ಳುವುದಷ್ಟೇ ಬಾಕಿ.