ಹಿಂದಿನ ಗಾಲಿಯ ಹಿಂದೆ ಬಿದ್ದವನು

ಅಮೆರಿಕದ ಡೆಟ್ರಾಯ್ಟ್ ಸುತ್ತಲಿನ ಊರುಗಳಲ್ಲಿ ಬೀದಿಗೊಬ್ಬನಂತೆ ಈತ ಸಿಗುತ್ತಾನೆ. ವಯಸ್ಸು ಅರವತ್ತು ದಾಟಿದೆ, ಮಂಡಿ ಸವೆದಿದೆ. ಮನೆಮಂದಿ ದಿನಾ ಓಡಾಡುವ ಕಾರು ಹೊರಗೆ ಹಿಮದಲ್ಲಿ ನೆನೆಯುತ್ತಿದ್ದರೆ, ಗ್ಯಾರೇಜಿನೊಳಗೆ ಹೊದಿಕೆ ಹೊದ್ದು ಬೆಚ್ಚಗಿರುವುದು 1970ರ ಶೆವರ್ಲೆ ಶೆವೆಲ್. ಅಲ್ಲಿನ ಕಾರು ಕಂಪನಿಗಳಲ್ಲಿ ಕೆಲಸಕ್ಕಿರುವ ಕನ್ನಡಿಗರಿಗೆ ಈತ ಪಕ್ಕದ ಮನೆಯವನು. ಇಡೀ ದಿನ ಹೊಸ ಬ್ರೇಕುಗಳನ್ನು ಕಂಪ್ಯೂಟರಿನಲ್ಲಿ ಪರೀಕ್ಷಿಸಿ ಸುಸ್ತಾಗಿ ಬಂದವರನ್ನು ಬೇಲಿಯಾಚೆಯಿಂದ ಕರೆದು, ಹಳೆಯ ಬ್ರೇಕಿನ ಬಗ್ಗೆ ಪಾಠ ಹೇಳುವ ಉದಾರಿ. ಇಂಥವನು ತನ್ನ ಕಾರಿನ ಹಿಂದಿನ ಗಾಲಿಗಳಿಂದ ಡ್ರಮ್ ಬ್ರೇಕ್ ಕಿತ್ತು ಡಿಸ್ಕ್ ಬ್ರೇಕ್ ಕೂರಿಸಲು ಹೊರಟರೆ, ಕಾರಣ ಕೇಳಿದವರಿಗೆಲ್ಲ ಸಿಗುವ ಉತ್ತರ ಒಂದೇ: ಕಾರು ನಿಲ್ಲಬೇಕಲ್ಲ! ನನ್ನ ವಾದ ಇದಕ್ಕೆ ತಿರುಗುಮುರುಗು. ಆ ಡಿಸ್ಕ್ ಇರುವುದು ಕಾರನ್ನು ನಿಲ್ಲಿಸುವುದಕ್ಕಲ್ಲ, ಕೆಲಸ ನಿಲ್ಲದಂತೆ ನೋಡಿಕೊಳ್ಳುವುದಕ್ಕೆ.

ಆತನ ಪರವಾಗಿ ಹೇಳಬೇಕಾದ್ದನ್ನು ಮೊದಲು ಹೇಳಿಬಿಡುತ್ತೇನೆ. ಅರವತ್ತರ ದಶಕದ ಡೆಟ್ರಾಯ್ಟ್‌ಗೆ ಓಡಿಸುವುದರಲ್ಲಿದ್ದ ಹುಮ್ಮಸ್ಸು ನಿಲ್ಲಿಸುವುದರಲ್ಲಿ ಇರಲಿಲ್ಲ. 1964ರ ಪಾಂಟಿಯಾಕ್ ಜಿಟಿಒ ಕಾರಿಗೆ 389 ಘನ ಇಂಚಿನ, ಅಂದರೆ ಸುಮಾರು 6.4 ಲೀಟರಿನ, 325 ಅಶ್ವಶಕ್ತಿಯ ಎಂಜಿನ್ ಕೊಟ್ಟವರು ಅದನ್ನು ಹಿಡಿದು ನಿಲ್ಲಿಸಲು ಕೊಟ್ಟದ್ದು ನಾಲ್ಕೂ ಗಾಲಿಗೆ ಒಂಬತ್ತೂವರೆ ಇಂಚಿನ ಡ್ರಮ್. ಡ್ರಮ್ಮಿನ ಗುಣವೇ ಹಾಗೆ: ಮೊದಲ ಸಲ ಚೆನ್ನಾಗಿ ಹಿಡಿಯುತ್ತದೆ, ಮೇಲಿಂದ ಮೇಲೆ ತುಳಿದರೆ ಕಾದು, ಹಿಗ್ಗಿ, ಒಳಗಿನ ಬ್ರೇಕ್ ಶೂಗಳಿಂದ ದೂರ ಸರಿಯುತ್ತದೆ. ಪೆಡಲ್ ಕೆಳಕೆಳಗೆ ಹೋಗುತ್ತದೆ, ಕಾರು ಮಾತ್ರ ಮುಂದೆ ಮುಂದೆ. ಒಳಗೆ ನೀರು ಹೊಕ್ಕರಂತೂ ಒಣಗುವವರೆಗೆ ದೇವರೇ ಗತಿ. ಡಿಸ್ಕ್‌ಗೆ ಈ ಕಾಟಗಳು ಬಹಳ ಕಡಿಮೆ. ಶೆವರ್ಲೆಯವರೇ 1965ರ ಕಾರ್ವೆಟ್‌ಗೆ ನಾಲ್ಕೂ ಗಾಲಿಗೆ ಡಿಸ್ಕ್ ಹಾಕಿದರು. 1969ರಲ್ಲಿ ಹೆಚ್ಚು ಹಣ ಕೊಟ್ಟವರಿಗೆ ಕ್ಯಾಮರೋದಲ್ಲೂ ಅದು ಸಿಗುತ್ತಿತ್ತು. ಕೊಂಡವರು ತೀರ ಕಡಿಮೆ. ನಮ್ಮವನಿಗೆ ಇದು ಶಾಸ್ತ್ರಾಧಾರ. ಕಾರ್ಖಾನೆಯೇ ಮಾಡಿತ್ತು ಎಂದ ಮೇಲೆ ತಾನು ಮಾಡುವುದು ಹುಚ್ಚಾಟವಲ್ಲ, ಸಂಪ್ರದಾಯ!

ಆದರೆ ಈ ಒಳ್ಳೆಯ ಮಾತುಗಳೆಲ್ಲ ಮುಂದಿನ ಗಾಲಿಗೆ ಸಲ್ಲುತ್ತವೆ. ಬ್ರೇಕ್ ತುಳಿದಾಗ ಕಾರಿನ ಭಾರ ಮುಂದಕ್ಕೆ ಬೀಳುತ್ತದೆ. ಮೂತಿಯಲ್ಲಿ ಎರಕದ ಕಬ್ಬಿಣದ ವಿ8 ಎಂಜಿನ್ ಹೊತ್ತ ಇಂಥ ಕಾರಿನಲ್ಲಿ ಜೋರಾಗಿ ಬ್ರೇಕ್ ಹಾಕಿದರೆ ನೂರಕ್ಕೆ ಸುಮಾರು 70 ಪಾಲಿನ ಕೆಲಸ ಮುಂದಿನ ಗಾಲಿಗಳದ್ದೇ. ಆ ಗಾಲಿಗಳಿಗೆ ಡಿಸ್ಕ್ ಬಂದು ಎಷ್ಟೋ ಕಾಲವಾಗಿದೆ. ಉಳಿದ ಪಾಲಿಗೆ ಹಿಂದಿನ ಡ್ರಮ್ ಸಾಕಾಗುತ್ತದೆ. ಗಾಲಿ ಲಾಕ್ ಆಗುವಷ್ಟು ಬಿಗಿಯಾಗಿ ಡ್ರಮ್ ಹಿಡಿಯುವುದಾದರೆ, ಅಲ್ಲಿಂದ ಮುಂದೆ ಕಾರು ಎಷ್ಟು ದೂರದಲ್ಲಿ ನಿಲ್ಲುತ್ತದೆ ಎಂಬುದು ಟೈರಿಗೆ ಬಿಟ್ಟದ್ದು. ಇನ್ನೂ ಒಂದು ತಮಾಷೆಯಿದೆ. ಹಿಂದಿನ ಗಾಲಿ ಮುಂದಿನದಕ್ಕಿಂತ ಮೊದಲೇ ಲಾಕ್ ಆದರೆ ಕಾರು ಗಿರಕಿ ಹೊಡೆಯುತ್ತದೆ. ಅದಕ್ಕಾಗಿ ಹಿಂದಕ್ಕೆ ಹೋಗುವ ಒತ್ತಡವನ್ನು ತಗ್ಗಿಸಲು ತಿರುಪಿನ ಗುಂಡಿಯಿರುವ ಒಂದು ವಾಲ್ವ್ ಕೂರಿಸಬೇಕು. ಎಂದರೆ ಸಾವಿರ ಡಾಲರ್ ಸುರಿದು ಹಿಂದಿನ ಬ್ರೇಕಿಗೆ ಶಕ್ತಿ ತುಂಬಿದವನು, ಆ ಶಕ್ತಿಯನ್ನು ಇಳಿಸುವ ಗುಂಡಿಗೆ ಮತ್ತೆ ದುಡ್ಡು ತೆರುತ್ತಾನೆ. ಇದನ್ನು ಆತನಿಗೇ ತೋರಿಸಿದರೆ ಕೋಪಿಸಿಕೊಳ್ಳುವುದಿಲ್ಲ. ಗುಂಡಿಯನ್ನು ಕಾಲು ಸುತ್ತು ತಿರುಗಿಸಿದರೆ ಏನಾಗುತ್ತದೆ ಎಂದು ಮುಕ್ಕಾಲು ಗಂಟೆ ವಿವರಿಸುತ್ತಾನೆ.

ಕೆಲಸ ಹೇಗೆ ಬೆಳೆಯುತ್ತದೆ ಎಂಬುದೇ ನನ್ನ ಮುಖ್ಯ ಸಾಕ್ಷಿ. ಕೌಪೀನವನ್ನು ಇಲಿಯಿಂದ ಕಾಯಲು ಬೆಕ್ಕು, ಬೆಕ್ಕಿನ ಹಾಲಿಗೆ ಹಸು, ಹಸುವನ್ನು ನೋಡಿಕೊಳ್ಳಲು ಹೆಂಡತಿ ಎಂದು ಸಂಸಾರಿಯಾದ ಸನ್ಯಾಸಿಯ ಕತೆ ನಮಗೆ ಗೊತ್ತು. ಈ ಡಿಸ್ಕಿನದೂ ಅದೇ ದಾರಿ. ಡಿಸ್ಕ್ ಕೂರಿಸಲು ಡ್ರಮ್ಮಿನ ಹಿಂದಿನ ತಟ್ಟೆ ಬಿಚ್ಚಬೇಕು. ಅದಕ್ಕೆ ಆಕ್ಸಲ್ ಹೊರಗೆ ಬರಬೇಕು. ಶೆವೆಲ್‌ನಲ್ಲಿ ಆಕ್ಸಲನ್ನು ಹಿಡಿದಿರುವುದು ನಡುವಿನ ಡಿಫರೆನ್ಷಿಯಲ್ ಒಳಗಿನ ಒಂದು ಸಿ ಆಕಾರದ ಕ್ಲಿಪ್. ಹಾಗಾಗಿ ಮುಚ್ಚಳ ತೆಗೆದು, ಗಂಧಕದ ನಾತದ ಹಳೆಯ ಗೇರ್ ಆಯಿಲ್ ಸುರಿಸಿ, ಅಡ್ಡ ಪಿನ್ ಎಳೆದು, ಆಕ್ಸಲನ್ನು ತುಸು ಒಳಕ್ಕೆ ನೂಕಿದರೆ ಕ್ಲಿಪ್ ಉದುರುತ್ತದೆ. ಪಿನ್ ಹಿಡಿದಿರುವ ಬೆರಳುದ್ದದ ಬೋಲ್ಟ್ ಕೆಲವೊಮ್ಮೆ ಒಳಗೇ ಮುರಿಯುತ್ತದೆ. ಆಗ ಆ ವಾರಾಂತ್ಯ ಮುಗಿದಂತೆ. ಹೇಗೂ ಆಕ್ಸಲ್ ಹೊರಗೆ ಬಂದಿದೆಯಲ್ಲ ಎಂದು ಬೇರಿಂಗ್, ಸೀಲ್ ಹೊಸದಾಗುತ್ತವೆ. ಹಳೆಯ 14 ಇಂಚಿನ ಗಾಲಿ, ಡಿಸ್ಕನ್ನು ಹಿಚುಕಿ ಹಿಡಿಯುವ ಕ್ಯಾಲಿಪರಿಗೆ ತಾಗುತ್ತದೆ. 15 ಇಂಚಿನದು ಬೇಕು, ಜೊತೆಗೆ ಟೈರು. ಕ್ಯಾಲಿಪರಿಗೆ ಹೆಚ್ಚು ಆಯಿಲ್ ಬೇಕಾದ್ದರಿಂದ ಮಾಸ್ಟರ್ ಸಿಲಿಂಡರ್ ಬದಲಾಗುತ್ತದೆ. ಡ್ರಮ್ಮಿಗೆಂದು ಪೈಪಿನಲ್ಲಿ ಸುಮಾರು 10 ಪಿಎಸ್‌ಐ ಒತ್ತಡ ಉಳಿಸುವ ವಾಲ್ವ್ ಎಲ್ಲಾದರೂ ಅಡಗಿದ್ದರೆ ಅದನ್ನು ಹುಡುಕಿ ತೆಗೆಯಬೇಕು. ಮರೆತರೆ ಪ್ಯಾಡ್ ಸದಾ ಉಜ್ಜುತ್ತಲೇ ಇದ್ದು ಗಾಲಿ ಕಾವಲಿಯಷ್ಟು ಕಾಯುತ್ತದೆ. ಡಿಸ್ಕ್‌ಗೆ ಕಾಲಿನ ಬಲ ಹೆಚ್ಚು ಬೇಕು, ಅದಕ್ಕೆ ಬೂಸ್ಟರ್ ಬೇಕು, ಬೂಸ್ಟರಿಗೆ ಎಂಜಿನ್ನಿನ ವ್ಯಾಕ್ಯೂಮ್ ಬೇಕು. ಆದರೆ ಐದು ವರ್ಷದ ಹಿಂದೆ ಗುಡುಗಿನ ಸದ್ದು ಬರಲಿ ಎಂದು ತಾನೇ ಹಾಕಿಸಿದ ಕ್ಯಾಮ್‌ಶಾಫ್ಟ್ ಆ ವ್ಯಾಕ್ಯೂಮ್ ಕೊಡುವುದಿಲ್ಲ. ಹಿಂದಿನ ಗಾಲಿಯಲ್ಲಿ ಶುರುವಾದದ್ದು ಹೀಗೆ ಬಾನೆಟ್ ಒಳಕ್ಕೆ ಬಂದು ಕೂರುತ್ತದೆ. ಇಷ್ಟೆಲ್ಲ ನನಗೆ ಹೇಗೆ ಗೊತ್ತು ಎಂದು ದಯವಿಟ್ಟು ಯಾರೂ ಕೇಳಬೇಡಿ. ಬೇಲಿಗಳು ಬಹಳ ಗಿಡ್ಡ.

ಇದರಲ್ಲೆಲ್ಲ ನೋಡಲೇಬೇಕಾದದ್ದು ಪೈಪಿನೊಳಗಿನ ಗಾಳಿ ತೆಗೆಯುವ ಪ್ರಸಂಗ. ಆತ ಕಾರಿನಡಿ ಅಂಗಾತ ಮಲಗಿ, ಕ್ಯಾಲಿಪರಿನ ಪುಟ್ಟ ನಿಪ್ಪಲಿಗೆ ಪಾರದರ್ಶಕ ಟ್ಯೂಬ್ ಸಿಕ್ಕಿಸಿಕೊಂಡಿರುತ್ತಾನೆ. ಪೆಡಲ್ ತುಳಿಯಲು ಸೀಟಿನಲ್ಲಿ ಹೆಂಡತಿ. ‘ಒತ್ತು’, ‘ಹಿಡಿದುಕೋ’, ‘ಈಗ ಬಿಡು’, ‘ಬಿಡು ಅಂದೆನೇ ನಾನು?’ ಟ್ಯೂಬಿನಲ್ಲಿ ಗುಳ್ಳೆ ಬರುತ್ತದೆ, ನಿಲ್ಲುತ್ತದೆ, ಆದರೂ ಪೆಡಲ್ ಮೆತ್ತಗೆ. ಬಾಟಲಿಗಟ್ಟಲೆ ಬ್ರೇಕ್ ಆಯಿಲ್ ಖರ್ಚಾಗುತ್ತದೆ. ಚೆಲ್ಲಿದ್ದು ಪೇಂಟ್ ತಿನ್ನುತ್ತದೆ. ಕೊನೆಗೆ ಬೆಳಕಾಗುವುದೇನೆಂದರೆ, ಎಡದ ಕ್ಯಾಲಿಪರ್ ಬಲಕ್ಕೂ ಬಲದ್ದು ಎಡಕ್ಕೂ ಕೂತು, ನಿಪ್ಪಲ್ ಮೇಲಿರುವ ಬದಲು ಕೆಳಗಿದೆ. ಗಾಳಿ ಮೇಲೇ ನಿಲ್ಲುವ ಪದಾರ್ಥ. ಕೆಳಗಿನ ತೂತಿನಿಂದ ಯುಗ ಕಳೆದರೂ ಹೊರಗೆ ಬಾರದು. ಈ ಕೆಲಸದಲ್ಲಿ ಇದು ಎಲ್ಲರೂ ಮಾಡುವ ತಪ್ಪು. ಆ ಸತ್ಯವನ್ನು ಸೀಟಿನಲ್ಲಿ ಕೂತವಳಿಗೆ ತಿಳಿಸದೆ, ‘ಇವತ್ತಿಗೆ ಸಾಕು’ ಎನ್ನುವುದೂ ಎಲ್ಲರೂ ಮಾಡುವುದೇ.

ಆಕ್ಷೇಪಗಳಿವೆ, ಗೊತ್ತು. ಡ್ರಮ್ಮಿನ ಸ್ಪ್ರಿಂಗುಗಳ ಗೋಜಲಿಗಿಂತ ಡಿಸ್ಕಿನ ಪ್ಯಾಡ್ ಬದಲಾಯಿಸುವುದು ಸುಲಭವಲ್ಲವೇ? ಸುಲಭವೇ. ಆದರೆ ಕಡಿಮೆ ಬೆಲೆಯ ಕಿಟ್‌ಗಳಲ್ಲಿ ಹಳೆಯ ಕ್ಯಾಡಿಲಾಕ್ ಎಲ್ಡೊರಾಡೊ ಮಾದರಿಯ ಕ್ಯಾಲಿಪರ್ ಬರುತ್ತದೆ; ಹ್ಯಾಂಡ್‌ಬ್ರೇಕನ್ನು ತಪ್ಪದೆ ಬಳಸುತ್ತಿದ್ದರೆ ಮಾತ್ರ ಅದು ತಾನೇ ಹೊಂದಿಕೊಳ್ಳುತ್ತದೆ, ಇಲ್ಲದಿದ್ದರೆ ಪೆಡಲ್ ಮತ್ತೆ ಕೆಳಗೆ. ಉಳಿಸಿದ ಶ್ರಮ ಅಲ್ಲಿ ಬಡ್ಡಿಸಮೇತ ವಸೂಲಾಗುತ್ತದೆ. ಘಟ್ಟದ ರಸ್ತೆಯಲ್ಲಿ, ರೇಸ್ ಟ್ರ್ಯಾಕಿನಲ್ಲಿ ಪ್ರಯೋಜನವಿಲ್ಲವೇ? ಖಂಡಿತ ಇದೆ. ಆದರೆ ಮಿಷಿಗನ್ನಿನ ಆ ಭಾಗ ಅಂಗೈಯಷ್ಟು ಸಪಾಟು. ಈ ಕಾರು ವರ್ಷಕ್ಕೊಮ್ಮೆ ಸಂಭ್ರಮದಿಂದ ಹೊರಡುವುದು ವುಡ್‌ವರ್ಡ್ ಡ್ರೀಮ್ ಕ್ರೂಸ್‌ಗೆ. 1995ರಲ್ಲಿ ಶುರುವಾಗಿ, ಆಗಸ್ಟ್ ತಿಂಗಳ ಮೂರನೆಯ ಶನಿವಾರ ನಡೆಯುವ ಆ ಮೆರವಣಿಗೆಯಲ್ಲಿ ಹಳೆಯ ಕಾರುಗಳು ಒಂದಕ್ಕೊಂದು ಅಂಟಿಕೊಂಡು ವುಡ್‌ವರ್ಡ್ ಅವೆನ್ಯೂ ತುಂಬ ತೆವಳುತ್ತವೆ. ಆ ವೇಗಕ್ಕೆ ಚಪ್ಪಲಿ ನೆಲಕ್ಕೊತ್ತಿದರೂ ನಡೆಯುತ್ತದೆ. ಇನ್ನು, ನಟ್ಟುಬೋಲ್ಟೂ ಕಾರ್ಖಾನೆಯದೇ ಆಗಿರಬೇಕೆನ್ನುವ ಮಡಿವಂತರು ‘ಕಾರು ಕೆಟ್ಟಿತು’ ಎಂದು ಮೂಗು ಮುರಿಯುತ್ತಾರೆ. ಅವರ ಮಾತನ್ನು ನಾನು ಒಪ್ಪುವುದಿಲ್ಲ. ಅವರನ್ನು ಕೇಳಿದರೆ ಕಾರು ಓಡುವುದೂ ತಪ್ಪೇ. ಅಲಂಕಾರಕ್ಕೆ ಮಾಡುತ್ತಾನೆ, ಐದು ಕಡ್ಡಿಯ ಗಾಲಿಯ ಸಂದಿಯಲ್ಲಿ ತುಕ್ಕು ಹಿಡಿದ ಡ್ರಮ್ಮಿಗಿಂತ ಹೊಳೆಯುವ ಡಿಸ್ಕ್ ಚೆಂದ ಎನ್ನುವುದು ಸತ್ಯಕ್ಕೆ ಹತ್ತಿರ. ಆದರೆ ಬರೀ ಅಲಂಕಾರವಾಗಿದ್ದರೆ ಹಣ ಕೊಟ್ಟು ಗ್ಯಾರೇಜಿನವರಿಂದ ಎರಡು ದಿನದಲ್ಲಿ ಮಾಡಿಸಿಕೊಳ್ಳಬಹುದಿತ್ತು. ಆ ಸಲಹೆ ಕೊಟ್ಟವರ ಕಡೆ ಆತ ನೋಡುವ ನೋಟವೇ ನನ್ನ ವಾದಕ್ಕೆ ಸಾಕ್ಷಿ.

ಈ ಕಾರುಗಳು ಹೊಸದಾಗಿ ಅಂಗಡಿಗೆ ಬಂದಾಗ ಈತ ಗಾಜಿಗೆ ಮೂಗೊತ್ತಿ ನಿಂತ ಹುಡುಗ. ಕೊಳ್ಳುವಷ್ಟು ಹಣ ಕೈಗೆ ಬರುವ ಹೊತ್ತಿಗೆ ಮಕ್ಕಳು ಬೆಳೆದು ಬೇರೆ ಊರು ಸೇರಿದ್ದರು, ನೌಕರಿಯೂ ಮುಗಿಯುತ್ತ ಬಂದಿತ್ತು. ಬೆಳಗ್ಗೆ ಎದ್ದರೆ ತನಗಾಗಿ ಕಾದಿರುವುದು ಏನಾದರೂ ಒಂದಿರಬೇಕಲ್ಲ. ಅದು ಈ ಗ್ಯಾರೇಜಿನಲ್ಲಿದೆ. ಕಾರು ಪೂರ್ತಿ ಸರಿಹೋದರೆ ಅಲ್ಲಿಗೆ ಹೋಗಲು ನೆಪವಿಲ್ಲ. ಬಂದವರಿಗೆ ಹೇಳಲು ಮಾತಿಲ್ಲ, ಸಹಾಯಕ್ಕೆ ಬರುವಂತೆ ಮಗನಿಗೆ ಫೋನ್ ಮಾಡಲು ಕಾರಣವೂ ಇಲ್ಲ. ಹೀಗೆ ನೋಡಿದರೆ ಉರುಳಿದ ನಟ್ಟು, ಒಪ್ಪದ ಬ್ರಾಕೆಟ್, ತಪ್ಪಾಗಿ ಬಂದ ಪಾರ್ಸೆಲ್ ಯಾವುದೂ ಆತನಿಗೆ ಅಡ್ಡಿಯಲ್ಲ. ಬೇಲಿಯಾಚೆಯವರಿಗೆ ಕಿವಿ ನೋಯುವುದು ಬೇರೆ ವಿಷಯ. ಇಷ್ಟಾಗಿಯೂ ಆತ ಸುರಕ್ಷತೆಗಾಗಿಯೇ ಮಾಡಿದ ಎಂದು ವಾದಿಸುವವರು, ಕೆಲಸ ಮುಗಿದ ಮರುದಿನ ಅವನನ್ನು ನೋಡಬೇಕು. ಹಿಂದೆ ಈಗ 12 ಇಂಚಿನ ಹೊಸ ಡಿಸ್ಕ್ ಹೊಳೆಯುತ್ತಿದೆ. ಆತ ಕಾರಿನ ಮುಂಭಾಗದಲ್ಲಿ ಮಂಡಿಯೂರಿ, ಅಳತೆ ಟೇಪು ಹಿಡಿದು, ಕಾರ್ಖಾನೆ ಕೊಟ್ಟ 11 ಇಂಚಿನ ಡಿಸ್ಕ್ ತೀರ ಚಿಕ್ಕದಾಯಿತೆಂದು ತಲೆಯಾಡಿಸುತ್ತಿದ್ದಾನೆ.