ಪೆಟ್ರೋಲ್ ಕಳ್ಳನಿಗೆ ಮರ್ಯಾದೆ ಇಲ್ಲ

ನಮ್ಮಲ್ಲಿ ಕಳ್ಳರಿಗೂ ಅಂತಸ್ತು ಇದೆ. ಬೆಣ್ಣೆ ಕದ್ದವನನ್ನು ತೊಟ್ಟಿಲಲ್ಲಿಟ್ಟು ತೂಗುತ್ತೇವೆ. ಬ್ಯಾಂಕಿಗೆ ಕನ್ನ ಹಾಕಿದವನು ಪತ್ರಿಕೆಯ ಮುಖಪುಟಕ್ಕೇ ಬರುತ್ತಾನೆ. ಅಡಿಕೆ ಕಳ್ಳನಿಗಾಗಿ ಊರಿಗೆ ಊರೇ ಬ್ಯಾಟರಿ ಹಿಡಿದು ತೋಟ ಕಾಯುತ್ತದೆ. ಕೋಳಿ ಕದ್ದವನ ಕಥೆಯನ್ನಂತೂ ಹತ್ತು ವರ್ಷ ಬಿಟ್ಟು ಮದುವೆ ಮನೆಯಲ್ಲಿ ಅವನೆದುರೇ ಹೇಳಿ ನಗಬಹುದು. ನಿಲ್ಲಿಸಿದ್ದ ಬೈಕಿನಿಂದ ಒಂದು ಲೀಟರ್ ಪೆಟ್ರೋಲ್ ಇಳಿಸಿಕೊಂಡು ಹೋದವನಿಗೆ ಮಾತ್ರ ಎಲ್ಲೂ ಜಾಗವಿಲ್ಲ. ಕಳಕೊಂಡವನಿಗೂ ಅಷ್ಟೇ. "ಅಯ್ಯೋ, ಗಾಡಿ ಹೋಯ್ತಾ?" ಅಂತ ಸೌಟು ಹಿಡಿದುಕೊಂಡೇ ಓಡಿ ಬಂದವರು, "ಇಲ್ಲ, ಪೆಟ್ರೋಲು" ಅಂದ ಕೂಡಲೇ "ಅಷ್ಟೇನಾ" ಅಂತ ಒಗ್ಗರಣೆ ನೋಡಿಕೊಳ್ಳಲು ಒಳಗೆ ಹೋಗುತ್ತಾರೆ.

ಹಾಗೆ ಒಳಗೆ ಹೋಗದೆ ಕಾಂಪೌಂಡ್ ಗೋಡೆಗೆ ಮೊಣಕೈ ಊರಿ ನಿಲ್ಲುವವರು ನಮ್ಮ ಪಕ್ಕದ ಮನೆಯ ಡಿಪೋ ಅಣ್ಣ ಒಬ್ಬರೇ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ರಿಟೈರ್ ಆದವರು. ತುಮಕೂರಿನ ನಮ್ಮ ಬೀದಿಯಲ್ಲಿ ಅವರ ಹೆಸರು ಗೊತ್ತಿರುವುದು ಪೋಸ್ಟ್‌ಮ್ಯಾನ್‌ಗೆ ಮಾತ್ರ ಇರಬೇಕು.

"ಏನ್ ಮೇಷ್ಟ್ರೇ, ಬೆಳಿಗ್ಗೇನೆ ಗಾಡಿ ಮಲಗಿಸ್ತಾ ಇದೀರಿ?"

"ನಿನ್ನೆ ಸಂಜೆ ತಾನೇ ಹಾಕಿಸಿದ್ದೆ ಅಣ್ಣ. ಈಗ ನೋಡಿದ್ರೆ ಟ್ಯಾಂಕ್ ಬಣಗುಟ್ತಾ ಇದೆ."

"ಮಲಗಿಸಿದ್ರೆ ಬರೋಕೆ ಅದರಲ್ಲಿ ಇದ್ರೆ ತಾನೆ? ಪೈಪ್ ನೋಡಿ ಮೊದಲು."

ನೋಡಿದೆ. ಟ್ಯಾಂಕಿನ ಎಡಗಡೆ ಕೆಳಗೆ ಕಾಕ್ ಇದೆಯಲ್ಲ, ಆನ್, ಆಫ್, ರಿಸರ್ವ್ ಅಂತ ತಿರುಗಿಸುವ ಕಿವಿ, ಅಲ್ಲಿಂದ ಕಾರ್ಬೊರೇಟರಿಗೆ ಇಳಿಯುವ ಕಿರುಬೆರಳು ಗಾತ್ರದ ರಬ್ಬರ್ ಪೈಪ್ ನೇತಾಡುತ್ತಿತ್ತು. ಅದನ್ನು ಕಚ್ಚಿಕೊಂಡಿರಬೇಕಾದ ತಂತಿಯ ಕ್ಲಿಪ್ ನೆಲದ ಮೇಲೆ, ರಂಗೋಲಿಯ ಪಕ್ಕದಲ್ಲೇ ಬಿದ್ದಿತ್ತು. ಕಾಕ್ ಕಿವಿ ರಿಸರ್ವ್ ಕಡೆಗೆ ತಿರುಗಿತ್ತು. ಅಂದರೆ ಬಂದವನು ಮೇಲಿನದ್ದನ್ನು ಖಾಲಿ ಮಾಡಿ, ತಳದ್ದನ್ನೂ ಬಿಡದೆ, ಕೊನೆಗೆ ಕ್ಲಿಪ್ ಹಾಕುವ ಸೌಜನ್ಯವನ್ನೂ ತೋರಿಸದೆ ಹೋಗಿದ್ದ.

ಟ್ಯಾಂಕಿನ ಮುಚ್ಚಳಕ್ಕೆ ಬೀಗ ಭದ್ರವಾಗಿಯೇ ಇತ್ತು ಅನ್ನುವುದೇ ಇದರ ತಮಾಷೆ. ಬೀಗ ಮೇಲಿನ ಬಾಯಿಗೆ ಹಾಕುತ್ತಾರೆ, ಪೆಟ್ರೋಲ್ ಹರಿಯುವುದು ಕೆಳಗಿನಿಂದ. ಪೈಪ್ ಎಳೆದು ನೀರಿನ ಬಾಟಲಿಯ ಬಾಯಿಗೆ ಹಿಡಿದು ಕಾಕ್ ತಿರುಗಿಸಿದರೆ ಆಯಿತು. ಸ್ಪ್ಯಾನರ್ ಬೇಡ, ಸದ್ದಿಲ್ಲ, ನಾಯಿಯೂ ಬೊಗಳುವುದಿಲ್ಲ. ಬೀದಿಯ ನಾಯಿಗೆ ಬೀದಿಯ ಹುಡುಗನ ಗುರುತು ಇರುತ್ತದೆ ಅನ್ನುವುದು ಡಿಪೋ ಅಣ್ಣನ ವಾದ. ಬೊಗಳದ ನಾಯಿಯೇ ದೊಡ್ಡ ಸಾಕ್ಷಿ ಅಂತ ಅವರು ಹೇಳುವಾಗ ಎದುರುಸಾಲಿನ ಮೂರು ಮನೆಗಳ ಕಡೆ ಕಣ್ಣು ಹಾಯಿಸುತ್ತಾರೆ. ನಾನು ಆ ಕಡೆ ನೋಡುವುದಿಲ್ಲ. ಆ ಮೂರು ಮನೆಯ ಹುಡುಗರೂ ನನ್ನ ಹತ್ತಿರ ಗಣಿತ ಕಲಿತವರು.

"ಈಗಿನ ಹುಡುಗರು ಪುಣ್ಯವಂತರು ಬಿಡಿ. ನಮ್ಮ ಕಾಲದಲ್ಲಿ ಬಾಯಲ್ಲಿ ಎಳೀಬೇಕಿತ್ತು" ಅಂದರು.

ಬೀಗವಿಲ್ಲದ ಮುಚ್ಚಳದ ಮೊಪೆಡ್ ಕಾಲ ಅದು. ಗಾರ್ಡನ್ ಪೈಪಿನ ತುಂಡು ಇಳಿಬಿಟ್ಟು, ಉಸಿರು ಬಿಗಿಹಿಡಿದು ಎಳೆಯುವುದು; ಬಾಯಿಗೆ ಬರುವ ಮುಂಚೆ ತೆಗೆದವನು ಜಾಣ, ಇಲ್ಲದಿದ್ದವನು ಊಟದ ಹೊತ್ತಿಗೂ ಪೆಟ್ರೋಲ್ ತೇಗು ತೇಗುತ್ತಾ ತಾನಾಗಿಯೇ ಸಿಕ್ಕಿಬೀಳುತ್ತಿದ್ದ. ನಗುವ ಮಾತು ಇಷ್ಟೇ, ಮುಂದಿನದು ನಗುವಂಥದ್ದಲ್ಲ. ನುಂಗಿದ ಪೆಟ್ರೋಲಿಗಿಂತ ಶ್ವಾಸಕೋಶಕ್ಕೆ ಇಳಿದದ್ದು ಅಪಾಯ. ಕೆಲವು ಹನಿ ಸಾಕು, ನ್ಯುಮೋನಿಯದಂಥ ಉರಿಯೂತಕ್ಕೆ. ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸಲು ಹೋಗಲೇಬಾರದು. ವಾಂತಿಯಾಗುವಾಗ ಅದು ಮತ್ತೆ ಶ್ವಾಸನಾಳಕ್ಕೆ ಇಳಿಯುವ ಸಂಭವವಿದೆ. ನೇರ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಕದಿಯುವವನಿಗೆ ಮಾತ್ರ ಹೇಳಿದ್ದಲ್ಲ ಇದು. ತನ್ನದೇ ಸ್ಕೂಟರಿನಿಂದ ಹುಲ್ಲು ಕತ್ತರಿಸುವ ಮಿಷನ್ನಿಗೆ ಪೆಟ್ರೋಲ್ ಎಳೆಯುವ ಯಜಮಾನನಿಗೂ ಶ್ವಾಸಕೋಶ ಅದೇ.

ಆ ಕಾಲದಲ್ಲಿ ಶಿಕ್ಷೆ ಕೊಡುವ ಕೆಲಸವನ್ನು ಎಂಜಿನ್ನೇ ಮಾಡುತ್ತಿತ್ತಂತೆ. ಅಣ್ಣನಿಗೆ ಇಷ್ಟವಾದ ಅಧ್ಯಾಯ ಇದು. ಆಗ ಸ್ಕೂಟರು, ಮೊಪೆಡ್ಡು ಎಲ್ಲ ಟೂ ಸ್ಟ್ರೋಕ್. ಪೆಟ್ರೋಲಿಗೆ ಆಯಿಲ್ ಬೆರೆಸಿಯೇ ಓಡಿಸಬೇಕು, ಸ್ಕೂಟರಿಗಾದರೆ ಲೀಟರಿಗೆ 20 ಎಂ.ಎಲ್. 1985ರಲ್ಲಿ ಹೀರೋ ಹೊಂಡಾ ಸಿ.ಡಿ. 100 ಬಂತು. ಅದು ಫೋರ್ ಸ್ಟ್ರೋಕ್, ಅದರ ಟ್ಯಾಂಕಿನಲ್ಲಿ ಬರೀ ಪೆಟ್ರೋಲ್. ಇದು ತಿಳಿಯದ ಕಳ್ಳ ಹೀರೋ ಹೊಂಡಾದಿಂದ ಇಳಿಸಿ ತನ್ನ ಮೊಪೆಡ್ಡಿಗೆ ಸುರಿದುಕೊಂಡನೋ, ಆಯಿಲ್ ಇಲ್ಲದೆ ಎಂಜಿನ್ ಕಾದು ಪಿಸ್ಟನ್ ಜಾಮ್. "ಐವತ್ತು ರೂಪಾಯಿ ಉಳಿಸೋಕೆ ಹೋಗಿ ಬೋರ್ ಮಾಡಿಸ್ಕೊಂಡು ಬಂದವರನ್ನ ನೋಡಿದೀನಿ. ಎಲ್ಲಿಂದ ಹಾಕಿಸ್ದೆ ಪೆಟ್ರೋಲು ಅಂದ್ರೆ ಮುಖ ಆ ಕಡೆ." ಪೊಲೀಸ್, ಕೋರ್ಟು, ವಕೀಲರು ಯಾರೂ ಬೇಕಾಗಿರಲಿಲ್ಲ.

ವಕೀಲರು ಅಂದದ್ದು ಕೇಳಿಸಿತೋ ಏನೋ, ಎದುರುಮನೆ ಲಾಯರ್ ಸಾಹೇಬರು ಪೇಪರ್ ಎತ್ತಿಕೊಳ್ಳಲು ಗೇಟಿಗೆ ಬಂದವರು ನಮ್ಮ ಗೋಡೆಯವರೆಗೂ ಬಂದರು. ಕಂಪ್ಲೇಂಟ್ ಕೊಟ್ಟರೆ ಹೇಗೆ ಅಂತ ಕೇಳಿದೆ.

"ಎಷ್ಟು ಹೋಗಿದೆ?"

"ಐದು ಲೀಟರ್ ಇರಬಹುದು ಸರ್."

"ಸಾಲದು" ಅಂದರು, ಅಂಗಡಿಯವನು ಚಿಲ್ಲರೆ ನೋಡಿ ಹೇಳುವ ಹಾಗೆ.

ಅವರು ವಿವರಿಸಿದ್ದು ಇಷ್ಟು. ಐ.ಪಿ.ಸಿ.ಯ 379 ಹೋಗಿ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದರಲ್ಲಿ ಕಳ್ಳತನ 303ನೇ ಕಲಮು. ಕದ್ದ ಮಾಲು 5,000 ರೂಪಾಯಿಗಿಂತ ಕಡಿಮೆಯದಾಗಿದ್ದು, ಮೊದಲ ಸಲ ಶಿಕ್ಷೆಯಾಗುವವನಾಗಿದ್ದು, ಮಾಲನ್ನೋ ಅದರ ಬೆಲೆಯನ್ನೋ ವಾಪಸು ಕೊಟ್ಟರೆ, ಅವನಿಗೆ ಜೈಲಿಲ್ಲ, ಸಮುದಾಯ ಸೇವೆ. ಇಷ್ಟು ಸಣ್ಣ ಕಳ್ಳತನ ಅಸಂಜ್ಞೇಯ ಅಪರಾಧ ಬೇರೆ. ಮ್ಯಾಜಿಸ್ಟ್ರೇಟರ ಅಪ್ಪಣೆಯಿಲ್ಲದೆ ಪೊಲೀಸರು ತನಿಖೆಗೆ ಇಳಿಯುವಂತಿಲ್ಲ. ಬರೆದುಕೊಂಡು ಎನ್‌ಸಿಆರ್ ಅನ್ನುವ ಚೀಟಿ ಕೊಡುತ್ತಾರೆ, ಅಷ್ಟೇ.

ನಾನು ಗಣಿತದವನು, ಮನಸ್ಸು ತಡೆಯಲಿಲ್ಲ. ಲೀಟರಿಗೆ 103 ರೂಪಾಯಿ ಅಂತ ಇಟ್ಟುಕೊಂಡರೆ 5,000 ಮುಟ್ಟಲು 48 ಲೀಟರಿಗೂ ಮೇಲೆ ಬೇಕು. ನನ್ನ ಬೈಕಿನಂಥ ಐದು ಬೈಕುಗಳನ್ನು ಭರ್ತಿ ಟ್ಯಾಂಕ್ ಇರುವಾಗಲೇ ಬಸಿದರೆ ಸರಿಹೋದೀತು. ನಮ್ಮ ಬೀದಿಯಲ್ಲಿ ಟ್ಯಾಂಕ್ ಭರ್ತಿ ಮಾಡಿಸುವವರು ಯಾರಿದ್ದಾರೆ? ಎಲ್ಲರದ್ದೂ ಇನ್ನೂರು ರೂಪಾಯಿ ಲೆಕ್ಕ. ಸರ್ಕಾರವೇನೋ ತನ್ನ ಕೈಲಾದ ಸಹಾಯ ಮಾಡುತ್ತಿದೆ. 2024ರ ಜೂನ್‌ನಲ್ಲಿ ರಾಜ್ಯದ ಮಾರಾಟ ತೆರಿಗೆಯನ್ನು ಶೇ. 25.92ರಿಂದ 29.84ಕ್ಕೆ ಏರಿಸಿ ಪೆಟ್ರೋಲಿಗೆ 3 ರೂಪಾಯಿ ಹೆಚ್ಚು ಮಾಡಿತು. ಹೀಗೇ ಏರುತ್ತಾ ಹೋದರೆ ನಮ್ಮ ಕಳ್ಳನೂ ಒಂದು ದಿನ ಸಂಜ್ಞೇಯನಾದಾನು.

"ಇನ್ನೊಂದು ಕಲಮು ಇದೆ" ಅಂದರು ಲಾಯರು, ಹುರುಪಿನಿಂದ. "305. ಸರಕನ್ನೋ ಪ್ರಯಾಣಿಕರನ್ನೋ ಸಾಗಿಸುವ ವಾಹನದಿಂದ ಏನೇ ಕದ್ದರೂ ಏಳು ವರ್ಷದವರೆಗೆ."

"ಬೈಕಿನ ಹಿಂದೆ ನಮ್ಮ ಮನೆಯವರನ್ನ ಕೂರಿಸ್ಕೊಂಡು ಹೋಗ್ತೀನಲ್ಲ ಸರ್, ಅವರು ಪ್ರಯಾಣಿಕರಲ್ವಾ?"

ವಾದಿಸಿ ನೋಡಬಹುದು, ಫೀಸ್ ಬೇರೆ ಅಂದು ಪೇಪರ್ ಮಡಚಿಕೊಂಡು ಹೋದರು.

ಆ 305 ನಿಜವಾಗಿ ಬೇಕಾಗಿರುವುದು ನಮ್ಮ ಊರಿನ ಪಕ್ಕದಲ್ಲೇ ಹಾದುಹೋಗುವ ಹೆದ್ದಾರಿಗೆ. ಶಿರಾ, ಹಿರಿಯೂರು, ಚಿತ್ರದುರ್ಗದ ಕಡೆ ರಾತ್ರಿ ಸಾಲುಗಟ್ಟಿ ನಿಂತ ಲಾರಿಗಳನ್ನು ನೋಡಿದ್ದೀರಿ. ಲಾರಿ ಟ್ಯಾಂಕ್ ಅಂದರೆ ಇನ್ನೂರು, ಮುನ್ನೂರು ಲೀಟರಿನ ಮಾತು. ಡ್ರೈವರ್ ಕ್ಯಾಬಿನ್ನಿನಲ್ಲಿ ಕಾಲು ಮೇಲೆ ಹಾಕಿ ಮಲಗಿರುತ್ತಾನೆ. ಪಕ್ಕಕ್ಕೆ ಒಂದು ಕಾರು ಬಂದು ನಿಲ್ಲುತ್ತದೆ, ಮುಚ್ಚಳ ಮುರಿದು ಪಂಪಿನ ಪೈಪ್ ಇಳಿಬಿಟ್ಟು ಕ್ಯಾನ್ ಮೇಲೆ ಕ್ಯಾನ್ ತುಂಬಿಕೊಂಡು ಹೋಗುತ್ತಾರೆ. ಅದು ಹುಡುಗಾಟವಲ್ಲ, ಕಸುಬು. ಬೆಳಿಗ್ಗೆ ಎದ್ದು, ಗಾಡಿ ಸ್ಟಾರ್ಟ್ ಆಗದೆ ನಿಂತ ಡ್ರೈವರನ ಮೇಲೆ ಮಾಲೀಕನ ಮೊದಲ ಗುಮಾನಿ: ನೀನೇ ಮಾರಿಕೊಂಡಿದ್ದೀಯ. ಮಾರಿಕೊಳ್ಳುವವರು ಇಲ್ಲವೆಂದಲ್ಲ, ಇದ್ದಾರೆ. ಆದರೆ ಇಬ್ಬರು ಮಾಡಿದ್ದಕ್ಕೆ ಇಪ್ಪತ್ತು ಜನ ಬಾಟಾದಲ್ಲಿ ಹಿಡಿಸಿಕೊಳ್ಳಬೇಕು. ಅನುಭವಸ್ಥ ಡ್ರೈವರುಗಳು ಟ್ಯಾಂಕಿನ ಮಗ್ಗುಲನ್ನು ಇನ್ನೊಂದು ಲಾರಿಗೆ ಒತ್ತಿ ನಿಲ್ಲಿಸುತ್ತಾರೆ, ಟ್ಯಾಂಕಿನ ಕುತ್ತಿಗೆಯೊಳಗೆ ಪೈಪ್ ಇಳಿಯದ ಹಾಗೆ ಕಬ್ಬಿಣದ ಜಾಲರಿ ಹಾಕಿಸುತ್ತಾರೆ, ಕತ್ತಲಲ್ಲಿ ಒಂಟಿಯಾಗಿ ನಿಲ್ಲಿಸುವ ಬದಲು ಇನ್ನೂ ಹತ್ತು ಮೈಲಿ ಹೋಗಿ ಬಂಕಿನ ದೀಪದ ಕೆಳಗೆ ಮಲಗುತ್ತಾರೆ. ಇನ್ನು ಜೆ.ಸಿ.ಬಿ.ಯವರ ಪಾಡು ಕೇಳಬೇಡಿ. ಅದನ್ನು ಹೊಲದಲ್ಲೇ ಬಿಟ್ಟು ಬರಬೇಕು, ಹೊಲಕ್ಕೆ ಬಾಗಿಲಿಲ್ಲ.

ನಮ್ಮ ಬೀದಿಗೆ ಬರೋಣ. ಮೂಲೆಮನೆಯವರ ಸಿ.ಸಿ. ಟಿ.ವಿ. ತೋರಿಸಿದ್ದು ಒಂದು ಟೋಪಿಯನ್ನು, ಒಂದು ಜೇಡವನ್ನು. ಅದರ ಮೇಲೆ ಭರವಸೆ ಇಡುವ ಬದಲು ಅಣ್ಣ ಹೇಳಿದ್ದನ್ನು ಮಾಡಿದೆ. ಸೈಡ್ ಸ್ಟ್ಯಾಂಡ್ ಬಿಟ್ಟು ಮೇನ್ ಸ್ಟ್ಯಾಂಡ್ ಹಾಕಿ, ಕಾಕ್ ಇರುವ ಎಡಮಗ್ಗುಲನ್ನು ಕೈ ತೂರದಷ್ಟು ಗೋಡೆಗೆ ಒತ್ತಿ ನಿಲ್ಲಿಸುವುದು. ತಂತಿ ಕ್ಲಿಪ್ ತೆಗೆದು ಸ್ಕ್ರೂ ಇರುವ ಕ್ಲಿಪ್ ಬಿಗಿಯುವುದು. ಬೀದಿದೀಪ ಕೆಟ್ಟಿದ್ದರೆ ಪಾಲಿಕೆಗೆ ಫೋನ್ ಮಾಡಿ ಬಿಡದೆ ಕಾಡುವುದು. ಪೈಪಿಗೆ ಹಾಕುವ ಬೀಗವೂ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಸಿಗುತ್ತದೆ. ಅದು ಮಾತ್ರ ಬೇಡ ಅಂದರು. "ಬೀಗ ಕಂಡ್ರೆ ಬ್ಲೇಡ್ ತೆಗೀತಾರೆ. ಎಳೆದ ಪೈಪ್ ವಾಪಸ್ ಸಿಗುತ್ತೆ, ಕೊಯ್ದ ಪೈಪ್ ಸಿಗಲ್ಲ." ಒಪ್ಪಬೇಕಾದ ಮಾತು.

ಇದೆಲ್ಲದರ ಮಧ್ಯೆ ನನಗೆ ಹೊಳೆದದ್ದು ಬೇರೆ. ಈ ವಿದ್ಯೆ ಆ ಹುಡುಗರಿಗೆ ಕಲಿಸಿದವರು ಯಾರು? ನಾವೇ. ಕ್ಯಾತ್ಸಂದ್ರದ ಹತ್ತಿರವೋ ಗುಬ್ಬಿ ರಸ್ತೆಯಲ್ಲೋ ಗಾಡಿ ನಿಂತು ತಳ್ಳಿಕೊಂಡು ಹೋಗುವವನನ್ನು ಕಂಡರೆ ನಾವು ನಿಲ್ಲಿಸುತ್ತಿದ್ದೆವು. "ಬಾಟ್ಲಿ ಇದೆಯಾ?" ಅನ್ನುತ್ತಿದ್ದೆವು. ಚರಂಡಿ ಬದಿಯ ಕ್ವಾರ್ಟರ್ ಬಾಟಲಿಯನ್ನೇ ಒರೆಸಿ, ಪೈಪ್ ಎಳೆದು, ಬಂಕಿನವರೆಗೆ ಹೋಗುವಷ್ಟು ಬಿಟ್ಟುಕೊಡುತ್ತಿದ್ದೆವು. ದುಡ್ಡು ಕೊಡಲು ಬಂದರೆ ಬೈದು ಕಳಿಸುತ್ತಿದ್ದೆವು. ಹಿಂದಿನ ಸೀಟಿನಲ್ಲಿ ಕೂತ ಮಗ ಅದನ್ನೆಲ್ಲ ಕಣ್ಣು ಮಿಟುಕಿಸದೆ ನೋಡುತ್ತಿದ್ದ. ಹಗಲು ಕಲಿತದ್ದನ್ನು ಅವರಲ್ಲಿ ಒಬ್ಬಿಬ್ಬರು ರಾತ್ರಿ ಅಭ್ಯಾಸ ಮಾಡಿದರು, ಅಷ್ಟೇ.

ಈಗ ಆ ಉಪಕಾರ, ಈ ಕಳ್ಳತನ ಎರಡೂ ಮುಗಿಯುತ್ತಾ ಬಂದಿವೆ. 2020ರ ಏಪ್ರಿಲ್ 1ರಿಂದ ಬಿ.ಎಸ್. 6 ಬಂದ ಮೇಲೆ ಹೊಸ ಬೈಕುಗಳಿಗೆಲ್ಲ ಹೆಚ್ಚುಕಡಿಮೆ ಇಂಜೆಕ್ಷನ್. ಕಾರ್ಬೊರೇಟರ್ ಇಲ್ಲ, ತಿರುಗಿಸುವ ಕಾಕ್ ಇಲ್ಲ. ಟ್ಯಾಂಕಿನೊಳಗೆ ಕರೆಂಟಿನ ಪಂಪ್. ಕೀ ಆನ್ ಆಗದೆ ಅದು ತೊಟ್ಟು ಪೆಟ್ರೋಲನ್ನೂ ಹೊರಗೆ ಬಿಡುವುದಿಲ್ಲ. ಠಾಣೆಗೆ, ಕ್ಯಾಮೆರಾಕ್ಕೆ, ನಾಯಿಗೆ ಆಗದ ಕೆಲಸವನ್ನು ಹೊಗೆ ಕಡಿಮೆ ಮಾಡಲು ತಂದ ಒಂದು ನಿಯಮ ಮಾಡಿಬಿಟ್ಟಿತು. ಕಳ್ಳನ ಕೈ ಕಟ್ಟಿದ ಪಂಪು ಉಪಕಾರಿಯ ಕೈಯನ್ನೂ ಕಟ್ಟಿದೆ. ಮೊನ್ನೆ ಅಣ್ಣನ ಮಗ ಹೊಸ ಗಾಡಿಯಲ್ಲಿ ಹೋಗುವಾಗ ಯಾರೋ ಕೈ ಅಡ್ಡ ಹಾಕಿ ಬಾಟಲಿ ತೋರಿಸಿದರಂತೆ. ಕೊಡುವ ಮನಸ್ಸಿತ್ತು, ತೆಗೆಯುವ ದಾರಿ ಇರಲಿಲ್ಲ. ಬಂಕಿಗೆ ಹೋಗಿ ತಂದುಕೊಡೋಣವೆಂದರೆ ಬಾಟಲಿಗೆ ಹಾಕಲ್ಲ ಅಂದರಂತೆ ಬಂಕಿನವರು.

ಇನ್ನೂ ನನ್ನಂತೆ ಹಳೇ ಗಾಡಿ ಇಟ್ಟುಕೊಂಡವರಿಗೆ ಒಂದು ಮಾತು. ಬೆಳಿಗ್ಗೆ ಗಾಡಿಯ ಹತ್ತಿರ ಪೆಟ್ರೋಲ್ ವಾಸನೆ ಮೂಗಿಗೆ ಬಡಿದರೆ ಸೆಲ್ಫ್ ಒತ್ತಬೇಡಿ, ಕಿಕ್ ಹೊಡೆಯಬೇಡಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ಮೇಲಕ್ಕೆ ಹಾರಿಹೋಗದೆ ನೆಲದಲ್ಲೇ ಹರಡಿಕೊಂಡಿರುತ್ತದೆ. ಒಂದು ಕಿಡಿ ಸಾಕು. ಪಕ್ಕದಲ್ಲಿ ನೀರು ಕಾಯಿಸುವ ಒಲೆಯೋ ದೀಪವೋ ಇದ್ದರೆ ಮೊದಲು ಆರಿಸಿ. ಕಾಕ್ ಮುಚ್ಚಿ, ಗಾಡಿಯನ್ನು ಬಯಲಿಗೆ ತಳ್ಳಿ, ಪೈಪ್ ನೋಡಿ, ಗಾಳಿಯಾಡಲು ಬಿಟ್ಟು ಆಮೇಲೆ ಸ್ಟಾರ್ಟ್ ಮಾಡಿ.

ಎದುರುಸಾಲಿನ ಆ ಮೂರು ಮನೆಗಳಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ ಅವರಿಗೂ ಒಂದು ವಿನಂತಿ. ಹೆಸರು ಕೇಳುವುದಿಲ್ಲ, ಮಾರ್ಕ್ಸ್ ಕಳೆಯುವುದಿಲ್ಲ. ಪೆಟ್ರೋಲ್ ಬೇಕಿದ್ದರೆ ಬಾಗಿಲು ಬಡಿಯಿರಿ, ಅರ್ಧ ಲೀಟರ್ ನಾನೇ ಇಳಿಸಿಕೊಡುತ್ತೇನೆ. ಅಷ್ಟು ಸಂಕೋಚವಾದರೆ, ಹೋಗುವಾಗ ಕಾಕ್ ಆಫ್ ಮಾಡಿ, ಪೈಪ್ ಸಿಕ್ಕಿಸಿ ಹೋಗಿ. ನಮ್ಮ ಮನೆಯವರು ಬೆಳಿಗ್ಗೆ ಐದಕ್ಕೆ ಅಲ್ಲೇ, ಗಾಡಿಯ ಪಕ್ಕದಲ್ಲೇ, ತುಳಸಿಗೆ ದೀಪ ಹಚ್ಚುತ್ತಾರೆ.